ಎಣಿಸುವಾಗ ಮಾತಾಡಿಸಬಾರದು

ಟೆಂಪೊ ಹಲಸೂರು ಕೆರೆಯ ತಿರುವಿನಲ್ಲೇ ಕೆಟ್ಟು ನಿಲ್ಲಬಹುದಿತ್ತು. ವಾರ್ನಿಷ್ ಡಬ್ಬ ಮಗುಚಿ ತಾಮ್ರದ ತಂತಿಯ ಸುರುಳಿಗಳೆಲ್ಲ ಒಂದಕ್ಕೊಂದು ಅಂಟಿಕೊಳ್ಳಬಹುದಿತ್ತು. ಕಮ್ಮನಹಳ್ಳಿಯ ಅಂಗಡಿಯ ಓನರು ಅಗ್ರಿಮೆಂಟಿಗೆ ಸಹಿ ಹಾಕಿದ ಮೇಲೂ ಮನಸ್ಸು ಬದಲಾಯಿಸಬಹುದಿತ್ತು. ಶಟರು ಅರ್ಧಕ್ಕೆ ಸಿಕ್ಕಿಕೊಂಡು ನಾವೆಲ್ಲ ಬಗ್ಗಿ ಬಗ್ಗಿ ಓಡಾಡಬೇಕಾಗಬಹುದಿತ್ತು. ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ವಾಸನೆ ಬರುತ್ತದೆಂದು ದೂರು ಕೊಡಬಹುದಿತ್ತು. ಹಳೆಯ ಗಿರಾಕಿಗಳು ಕೆಟ್ಟ ಫ್ಯಾನು ಹೊತ್ತುಕೊಂಡು ಬಂದು, ನಮ್ಮ ಮನೆ ಬಾಗಿಲು ಬಡಿದು, ಸತ್ತೇಹೋದರೇನೋ ಎಂದು ವಾಪಸಾಗಬಹುದಿತ್ತು. ಇವನ್ನೆಲ್ಲ ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆಯುತ್ತ ಹೋಗಿ, ಜಾಗ ಸಾಲದೆ ಮುಂದಿನ ತಿಂಗಳ ಹಾಳೆಗೂ ದಾಟಿದ್ದೆ. ಐವತ್ತು ದಾಟಿದ ಮೇಲೆ ಬೇರೆಯವರು ಬಿಪಿ, ಶುಗರ್ ಸಂಪಾದಿಸಿಕೊಳ್ಳುತ್ತಾರೆ. ನನಗೆ ಒಲಿದದ್ದು ಈ ಕಲೆ. ಪಟ್ಟಿಯ ಎಲ್ಲಕ್ಕಿಂತ ಮೇಲೆ, ಅಡಿಗೆರೆ ಎರಡೆರಡು ಎಳೆದು ಬರೆದಿದ್ದದ್ದು ಒಂದೇ: ಆ ಮೈನ್ ರೋಡಿನ ಗಲಾಟೆಯಲ್ಲಿ ಅಮ್ಮನ ಎಣಿಕೆ ತಪ್ಪಿದರೆ? ಅಮ್ಮನ ಎಣಿಕೆ ತಪ್ಪಿದರೆ ನಮ್ಮ ಕಸುಬೇ ಮುಗಿಯಿತು.

ಸಾಮಾನು ಕಟ್ಟುವಾಗ ವಾರ್ನಿಷ್ ಡಬ್ಬದ ಮುಚ್ಚಳ ಸಡಿಲವಾಗಿತ್ತು. ಬಿಗಿ ಮಾಡಲೆಂದು ಬಗ್ಗಿದೆ, ಅಷ್ಟೇ. ಆ ವಾಸನೆ ನನ್ನನ್ನು ಎಂಟು ವರ್ಷದವಳನ್ನಾಗಿ ಮಾಡಿ ನಡುಮನೆಯ ಗಾರೆ ನೆಲದ ಮೇಲೆ ಕೂರಿಸಿಬಿಟ್ಟಿತು. ನಿಮ್ಮ ಮನೆಗೂ ಒಂದು ವಾಸನೆ ಇದ್ದಿರಬೇಕು, ಒಗ್ಗರಣೆಯದೋ ದನದ ಕೊಟ್ಟಿಗೆಯದೋ. ನಮ್ಮದು ಬಿಸಿಯಾದ ವಾರ್ನಿಷಿನದು. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿ ಮೋಟಾರು ಸುತ್ತುವ ವಿಭಾಗದಲ್ಲಿದ್ದರು. ಸಂಜೆ ಶಿಫ್ಟು ಮುಗಿಸಿ ಬಂದು, ಸುಟ್ಟುಹೋದ ಫ್ಯಾನುಗಳ ಹೊಟ್ಟೆ ಬಗೆದು ಹಳೆಯ ತಂತಿ ಕಿತ್ತು ಹಾಕುತ್ತಿದ್ದರು. ಹೊಸ ತಂತಿ ಸುತ್ತಿದ ಮೇಲೆ ವಾರ್ನಿಷ್ ಬಳಿದು, ಒಳಗೆ ದೊಡ್ಡ ಬಲ್ಬು ಉರಿಯುವ ಮರದ ಪೆಟ್ಟಿಗೆಯಲ್ಲಿ ಒಣಗಿಸುತ್ತಿದ್ದರು. ಮಳೆಗಾಲದಲ್ಲಿ ಅದೇ ಪೆಟ್ಟಿಗೆಯಲ್ಲಿ ನನ್ನ ಮತ್ತು ತಮ್ಮ ಗಿರೀಶನ ಸ್ಕೂಲ್ ಸಾಕ್ಸೂ ಒಣಗುತ್ತಿದ್ದವು. ತರಗತಿಯಲ್ಲಿ ನಮ್ಮ ಪಕ್ಕ ಕೂರುವವರಿಗೆ ನಮ್ಮ ಮನೆಯ ವ್ಯಾಪಾರ ಏನೆಂದು ಬೇರೆ ಹೇಳಬೇಕಾಗಿರಲಿಲ್ಲ.

ಆದರೆ ಸುತ್ತುವವಳು ಅಮ್ಮ. ಕೈಯಲ್ಲಿ ತಿರುಗಿಸುವ ಒಂದು ಪುಟ್ಟ ಯಂತ್ರ, ಎಡಗೈ ಬೆರಳ ನಡುವೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿ. ಒಂದೊಂದು ಸುರುಳಿಗೆ ಹೆಚ್ಚುಕಡಿಮೆ ಮುನ್ನೂರು ಸುತ್ತು. ಯಂತ್ರಕ್ಕಿದ್ದ ಎಣಿಕೆಯ ಮುಳ್ಳು ನಾನು ಹುಟ್ಟುವ ಮೊದಲೇ ಕೆಟ್ಟಿತ್ತು. ಅಪ್ಪ ಅದನ್ನು ರಿಪೇರಿ ಮಾಡಲಿಲ್ಲ. "ಅದಕ್ಕಿಂತ ಇವಳೇ ಕರೆಕ್ಟು" ಅನ್ನುತ್ತಿದ್ದರು. ಅವರು ಅಮ್ಮನನ್ನು ಹೊಗಳಿದ್ದು ನನಗೆ ಗೊತ್ತಿರುವಂತೆ ಅದೊಂದೇ ವಿಷಯದಲ್ಲಿ, ಅದೂ ಅವಳು ಅಡುಗೆಮನೆಯಲ್ಲಿದ್ದಾಗ. ಹೀಗಾಗಿ ನಮ್ಮ ಮನೆಗೆ ಒಂದೇ ಕಾನೂನು: ಎಣಿಸುವಾಗ ಮಾತಾಡಿಸಬಾರದು. ಹಸಿವಾದರೆ ಹೊಟ್ಟೆ ಮುಟ್ಟಿ ತೋರಿಸಬೇಕು, ಹೊರಗೆ ಆಡಲು ಹೋಗುವುದಾದರೆ ಬಾಗಿಲ ಕಡೆ ಎರಡು ಬೆರಳು ನಡೆಸಬೇಕು. ಅಮ್ಮನ ಉತ್ತರ ಅಂಕಿಯಲ್ಲೇ ಬರುತ್ತಿತ್ತು. "ನೂರಾ ಹದಿನಾಲ್ಕು" ಎಂದು ಮೆತ್ತಗೆ ಹೇಳಿದರೆ ಹೋಗಬಹುದು. "ನೂರಾ ಹದಿನೈದು!" ಎಂದು ಕಣ್ಣು ಬಿಟ್ಟರೆ ಹೋಂವರ್ಕ್ ಮುಗಿಸಿಲ್ಲವೆಂದು ಅರ್ಥ. ಒಮ್ಮೆ ಗಿರೀಶ ಮಹಡಿ ಮೆಟ್ಟಿಲಿಂದ ಬಿದ್ದು ಹಣೆ ಒಡೆದುಕೊಂಡು ಬಂದಾಗ, ಅಮ್ಮ ಅವನನ್ನು ತೊಡೆಯ ಮೇಲೆ ಎಳೆದುಕೊಂಡು, ಸೆರಗನ್ನು ಅವನ ಕೈಯಿಂದಲೇ ಹಣೆಗೆ ಒತ್ತಿ ಹಿಡಿಸಿ, ನಡುಗುವ ದನಿಯಲ್ಲಿ ಇನ್ನೂರಾ ಎಂಬತ್ತರಿಂದ ಮುನ್ನೂರರವರೆಗೂ ಎಣಿಸಿ ಮುಗಿಸಿದ್ದಳು. ಅಷ್ಟು ಪ್ರೀತಿಯಿಂದ ಯಾರೂ ಮಗ್ಗಿ ಒಪ್ಪಿಸಿದ್ದನ್ನು ನಾನು ಕೇಳಿಲ್ಲ.

ಸುರುಳಿಗಳನ್ನು ಕೂರಿಸಿ, ತಂತಿಯ ತುದಿಗಳನ್ನು ಒಂದಕ್ಕೊಂದು ಬೆಸೆಯುವ ಕೆಲಸ ಮಾತ್ರ ಅಪ್ಪನದು. ಅದನ್ನು ಅವರು ಯಾರಿಗೂ ಬಿಡುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿ, ತುದಿಗಳನ್ನು ಮೂಗಿನ ಹತ್ತಿರ ಹಿಡಿದು, ಜಾತಕ ನೋಡುವವರಂತೆ ಕೂರುತ್ತಿದ್ದರು. ಅವರು ಹೋಗಿ ಆರು ವರ್ಷವಾಯಿತು. ಅಷ್ಟರಲ್ಲಿ ನನ್ನ ಆಫೀಸೂ ಬಾಗಿಲು ಮುಚ್ಚಿದ್ದರಿಂದ ಅವರ ಸ್ಟೂಲಿನ ಮೇಲೆ ನಾನು ಕೂತೆ.

ಅಂಗಡಿ ಹಿಡಿಯೋಣ ಎಂದವಳು ಅಮ್ಮ. ಪಕ್ಕದ ಮನೆ ಒಡೆದು ಫ್ಲಾಟು ಎದ್ದ ಮೇಲೆ ವಾರ್ನಿಷ್ ವಾಸನೆಗೆ ಯಾರೋ ಕಿಟಕಿ ದಡಾರನೆ ಮುಚ್ಚುವುದು ಶುರುವಾಗಿತ್ತು. ಎಪ್ಪತ್ತಾರರ ಅಮ್ಮ ಒಂದು ಬೆಳಿಗ್ಗೆ ದೋಸೆ ಮಗುಚುತ್ತ ಹೇಳಿದಳು:

"ಬಾಡಿಗೆಗೊಂದು ಅಂಗಡಿ ನೋಡೇ. ಬೋರ್ಡ್ ಹಾಕ್ಬೇಕು."

"ಅಮ್ಮಾ, ಮೈನ್ ರೋಡು. ಹಾರ್ನು, ಲಾರಿ, ಜನ. ನೀನು ಹೆಂಗೆ ಎಣಿಸ್ತೀಯಾ?"

"ನಿಮ್ಮಿಬ್ಬರನ್ನ ಇಟ್ಕೊಂಡೇ ಎಣಿಸಿದೀನಿ. ಲಾರಿ ಯಾವ ಲೆಕ್ಕ?"

ಎಣಿಕೆಯ ಯಂತ್ರ ಹೊಸದು ತರೋಣ ಎಂದೆ. ಅವಳು ದೋಸೆಯನ್ನು ನನ್ನ ತಟ್ಟೆಗೆ ಸ್ವಲ್ಪ ಜೋರಾಗಿಯೇ ಹಾಕಿದಳು. ಅಲ್ಲಿಗೆ ಆ ಮಾತು ಮುಗಿಯಿತು.

ಟೆಂಪೊ ಕೆಡಲಿಲ್ಲ. ಶಟರು ಬೆಣ್ಣೆಯಂತೆ ಎದ್ದಿತು. ಹಲ್ಲಿನ ಡಾಕ್ಟರು ಕೆಳಗಿಳಿದು ಬಂದು, ತಮ್ಮ ಕ್ಲಿನಿಕ್ಕಿನ ಎರಡು ಫ್ಯಾನು ಕೊಟ್ಟು ಹೋದರು. ಗಿರೀಶ ವಿಮಾ ಆಫೀಸಿಗೆ ರಜೆ ಹಾಕಿ ಬಂದು ಬೋರ್ಡು ನೆಟ್ಟಗಿದೆಯೇ ಎಂದು ರಸ್ತೆಯ ಆಚೆ ನಿಂತು ಹತ್ತು ಸಲ ನೋಡಿದ. ಅಮ್ಮ ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಚಾಪೆ ಹಾಸಿ, ಯಂತ್ರವನ್ನು ಮುಂದಿಟ್ಟುಕೊಂಡು ಕೂತಳು. ನಮ್ಮ ಅಂಗಡಿಯದೇ ಫ್ಯಾನು ಮೊದಲು ಆಗಬೇಕು ಎಂದು ಅವಳ ಹಟ. ಹೊರಗೆ ಬಸ್ಸೊಂದು ಕಿವಿ ಹರಿಯುವ ಹಾಗೆ ಕೂಗಿತು. ನಾನು ಥಟ್ಟನೆ ತಿರುಗಿ ನೋಡಿದೆ. ಅಮ್ಮನ ತುಟಿ ಅಲ್ಲಾಡುತ್ತಲೇ ಇತ್ತು. ಅಷ್ಟರಲ್ಲಿ ಪಕ್ಕದಲ್ಲಿ ಆಟೊ ಸೀಟು ಹೊಲಿಯುವ ರಫೀಕ್ ಭಾಯ್ ಪರಿಚಯ ಮಾಡಿಕೊಳ್ಳಲು ಒಳಗೇ ಬಂದರು.

"ಅಮ್ಮಾ, ನಮಸ್ತೆ! ಚಾಯ್ ಹೇಳ್ಲಾ?"

"ನೂರಾ ಎಪ್ಪತ್ತೊಂದು," ಎಂದಳು ಅಮ್ಮ, ಬಹಳ ವಿಶ್ವಾಸದಿಂದ.

ಅವರು ನನ್ನ ಕಡೆ ತಿರುಗಿ ಪಿಸುಗುಟ್ಟಿದರು. "ಇಷ್ಟೊಂದು ಚಾಯ್ ಯಾರಿಗೆ ಅಕ್ಕಾ?"

ಗಿರೀಶ ನಗು ತಡೆಯಲಾರದೆ ಹೊರಗೆ ಓಡಿದ. ಅಮ್ಮ ಮಾತ್ರ ಕೊನೆಯವರೆಗೂ ಸುತ್ತಿ, ತಂತಿ ಕತ್ತರಿಸಿ, "ನಾಲ್ಕು ಸಾಕು ಕಣಪ್ಪಾ. ಸಕ್ಕರೆ ಕಮ್ಮಿ" ಎಂದಳು. ಒಂದೂ ತಪ್ಪಿರಲಿಲ್ಲ. ಒಂದಾದ ಮೇಲೊಂದು ಎಲ್ಲ ಸುರುಳಿಗಳೂ ಹಾಗೆಯೇ ಮುಗಿದವು. ಅವನ್ನು ಕೂರಿಸಿ, ವಾರ್ನಿಷ್ ಬಳಿದು, ಬಲ್ಬಿನ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಒಣಗಿಸಿ, ಮಾರನೆಯ ಮಧ್ಯಾಹ್ನ ತುದಿಗಳನ್ನು ಬೆಸೆದೆ. ಗಿರೀಶ ಅರ್ಧ ದಿನದ ರಜೆ ಹಾಕಿ ಬಂದು ಫ್ಯಾನನ್ನು ಸೂರಿಗೆ ತೂಗುಹಾಕಿದ. ಅಮ್ಮನೇ ಸ್ವಿಚ್ಚು ಒತ್ತಿದಳು.

ಫ್ಯಾನು ತಿರುಗಿತು, ಸದ್ದಿಲ್ಲದೆ, ಚೆಂದವಾಗಿ. ನಾವೆಲ್ಲ ಮುಖ ಮೇಲೆತ್ತಿ ಗಾಳಿಗೆ ಕಾದೆವು. ಬರಲಿಲ್ಲ. ಮೊದಲು ಕಂಡುಹಿಡಿದವರು, ನೋಡಲೆಂದು ಬಂದು ನಿಂತಿದ್ದ ರಫೀಕ್ ಭಾಯ್.

"ಅಕ್ಕಾ, ಗಾಡಿ ರಿವರ್ಸ್ ಗೇರ್‌ನಲ್ಲಿದೆ!"

ಫ್ಯಾನು ಉಲ್ಟಾ ತಿರುಗುತ್ತಿತ್ತು; ನಾನು ಎರಡು ತುದಿಗಳನ್ನು ಅದಲುಬದಲು ಮಾಡಿದ್ದೆ. ಅಮ್ಮನ ಸಾವಿರಾರು ಸುತ್ತಿನಲ್ಲಿ ಒಂದೂ ತಪ್ಪಿಲ್ಲ. ತಪ್ಪಿದ್ದು ಅಪ್ಪನ ಪಾಲಿನ ಕೆಲಸ. ಎಷ್ಟು ಹಾಳೆ ಬರೆದಿದ್ದೆ, ಅಮ್ಮನ ಬಗ್ಗೆ, ಲಾರಿಗಳ ಬಗ್ಗೆ, ಡಾಕ್ಟರ ಬಗ್ಗೆ. ನನ್ನ ಹೆಸರು ಎಲ್ಲೂ ಇರಲಿಲ್ಲ.

ಅಮ್ಮ ಮೇಲೆ ನೋಡಿದಳು. "ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ತಿಗೆ ಸ್ಟೂಲು ಹತ್ತಿರೋರು" ಎಂದಳು. ನಾನು ಸ್ವಿಚ್ಚಿಗೆ ಕೈ ಚಾಚಿದೆ.

"ಇರ್ಲಿ ಬಿಡೇ. ಊಟ ಆದ್ಮೇಲೆ ಬಿಚ್ಚಿದ್ರಾಯ್ತು."

ಅವಳು ಚಾಪೆಯ ಮೇಲೆ ಕೂತು ಡಬ್ಬಿ ಬಿಚ್ಚಿ, ಚಿತ್ರಾನ್ನವನ್ನು ನಾಲ್ಕು ಪಾಲು ಮಾಡಿದಳು. ನಾವು ಬೆವರು ಒರೆಸಿಕೊಳ್ಳುತ್ತ ಆ ಫ್ಯಾನಿನ ಕೆಳಗೇ ಕೂತು ಉಂಡೆವು.