ಮೈದುನನ ಎರಡು ಒತ್ತು

ನೌಕಾಪಡೆಯಲ್ಲಿ ನಾನು ಸಿಗ್ನಲ್ ವಿಭಾಗದವನು. ಅರ್ಧ ಆಯುಷ್ಯ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೇ ಕಳೆದೆ. ಹೆಂಡತಿ ಕರೆದರೆ ನನಗೆ ಕೇಳಿಸುವುದಿಲ್ಲ, ಯಂತ್ರ ಕೆಮ್ಮಿದರೆ ಕೇಳಿಸುತ್ತದೆ ಎಂದು ಮನೆಯಲ್ಲಿ ತಮಾಷೆ ಮಾಡುವುದಿದೆ. ನಿವೃತ್ತಿಯ ನಂತರ ಸರಕಾರದ ಸಂವಹನ ಅಧಿಕಾರಿಯಾಗಿ ಊರಿಗೇ ಬಂದೆ. ಮನೆ ಬೋಳಾರದಲ್ಲಿ, ಕೆಲಸ ಪಣಂಬೂರಿನ ಕಡೆಯ ಒಂದು ಕಂಟ್ರೋಲ್ ರೂಮಿನಲ್ಲಿ. ಬೆಳಿಗ್ಗೆ ಪತ್ರಿಕೆಗಳಿಗೆ ಪ್ರಕಟಣೆ ಬರೆಯುತ್ತೇನೆ. ಮಧ್ಯಾಹ್ನ ವಯರ್‌ಲೆಸ್‌ನಲ್ಲಿ ಮೀನುಗಾರರಿಗೆ ಹವಾಮಾನ ಓದಿ, ಕಡಲಿನಲ್ಲಿರುವ ಬೋಟುಗಳ ಹೆಸರನ್ನು ಒಂದೊಂದಾಗಿ ಕೂಗುತ್ತೇನೆ.

ಹೆಸರು ಕೂಗಿದಾಗ ಬೋಟಿನವರು ಮಾತಿನಲ್ಲೇ ಉತ್ತರಿಸಬೇಕೆಂಬುದು ನಿಯಮ. ಆದರೆ ಬಲೆ ಎಳೆಯುವವನ ಕೈ ಒದ್ದೆ, ಬಾಯಿ ತುಂಬ ಎಲೆಯಡಿಕೆ. ಅವರು ಮೈಕಿನ ಗುಂಡಿಯನ್ನು ಎರಡು ಸಲ ಒತ್ತಿ ಬಿಡುತ್ತಾರೆ. ನಮ್ಮ ಸ್ಪೀಕರಿನಲ್ಲಿ ಟಕ್ ಟಕ್. ಇದ್ದೇವೆ ಎಂದು ಅರ್ಥ. ಮೊದಮೊದಲು ಸಿಡುಕಿದೆ, ಬಾಯಿಗೆ ಎಂತ ಆಗಿದೆ ಎಂದು ಬೈದೆ. ಆಮೇಲೆ ರೂಢಿಯಾಯಿತು. ಒಂದು ವಿಷಯದಲ್ಲಿ ಮಾತ್ರ ಅವರು ನಮ್ಮ ಪಡೆಯವರಿಗಿಂತಲೂ ಕಟ್ಟುನಿಟ್ಟು. ಒಬ್ಬರ ಬೋಟಿನ ಕರೆಗೆ ಇನ್ನೊಬ್ಬರು ಒತ್ತುವಂತಿಲ್ಲ. ಒತ್ತಿದರೆ ಅಲ್ಲಿ ಇಲ್ಲದವನನ್ನು ಕರೆದ ಹಾಗಂತೆ, ಕರೆದರೆ ಸತ್ತವನಾದರೂ ಅವನು ಬಂದೇ ಬರುತ್ತಾನಂತೆ.

ನನ್ನ ಹೆಂಡತಿಯ ತಮ್ಮ ಅಂಥದ್ದೊಂದು ಬೋಟು ನಡೆಸುವ ತಾಂಡೇಲನಾಗಿದ್ದ. ನನ್ನನ್ನು ಕಾಡಿಸಲೆಂದೇ, ಟಕ್ ಟಕ್ ಆದ ಮೇಲೆ ಇಡೀ ಕಡಲಿಗೆ ಕೇಳುವ ಹಾಗೆ “ಭಾವ, ಊಟ ಆಯ್ತಾ?” ಎನ್ನುತ್ತಿದ್ದ. ಬೈದರೆ ಇನ್ನಷ್ಟು ನಗುತ್ತಿದ್ದ.

ದೀಪಾವಳಿ ಮುಗಿದ ಮೇಲೆ ಗಾಳಿ ಎದ್ದು ಅವನ ಬೋಟಿಗೆ ನೀರು ನುಗ್ಗಿತು. ಜೊತೆಗಿದ್ದವರನ್ನು ಪಕ್ಕದ ಬೋಟಿನವರು ಎತ್ತಿಕೊಂಡರು. ಇಂಜಿನ್ ಒಮ್ಮೆ ಶುರು ಮಾಡಿ ನೋಡುತ್ತೇನೆ ಎಂದು ಇವನೊಬ್ಬ ಉಳಿದ. ಅವರು ಒಂದು ಸುತ್ತು ಹಾಕಿ ಬರುವಾಗ ಬೋಟೂ ಇರಲಿಲ್ಲ, ಅವನೂ ಇರಲಿಲ್ಲ. ‘ಶೋಧ ಮುಂದುವರಿದಿದೆ’ ಎಂದು ನಾನು ದಿನಾ ಬರೆದೆ. ಸ್ವಂತ ಮನೆಯ ಸಂಕಟವನ್ನು ಸರಕಾರಿ ಭಾಷೆಯಲ್ಲಿ ಬರೆಯುವ ಕರ್ಮ ಶತ್ರುವಿಗೂ ಬೇಡ.

ಶೋಧ ನಿಲ್ಲಿಸುವ ಮಾತು ಬಂದ ದಿನ, ಮಧ್ಯಾಹ್ನ, ಅಭ್ಯಾಸಬಲದಿಂದ ಅವನ ಬೋಟಿನ ಹೆಸರನ್ನೂ ಕೂಗಿದೆ. ಟಕ್ ಟಕ್.

ಮತ್ತೆ ಮತ್ತೆ ಕೂಗಿದೆ, ಮಾತಿಲ್ಲ. ಮರುದಿನವೂ ಟಕ್ ಟಕ್, ಅದರ ಮರುದಿನವೂ. ನನ್ನ ಜೊತೆ ಕೆಲಸ ಮಾಡುವ ಕೊಂಕಣಿ ಕ್ರಿಶ್ಚಿಯನ್ ಹೆಂಗಸು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. “ಸಾರ್, ಬ್ಯಾಟರಿ ಇಷ್ಟು ದಿವಸ ನಿಲ್ತದಾ?” ಎಂದು ಮೆಲ್ಲಗೆ ಕೇಳಿದರು. ನಿಲ್ಲುವುದಿಲ್ಲ ಎಂದು ನನಗೂ ಗೊತ್ತಿತ್ತು. ಆದರೂ ಉತ್ತರ ಬರುತ್ತಿದೆ ಎಂದು ಮೇಲಿನವರಿಗೆ ಹೇಳಿದೆ, ಹುಡುಕಾಟ ನಿಲ್ಲಲಿಲ್ಲ. ಬೋಟುಗಳು ಕಟ್ಟುವ ಧಕ್ಕೆಗೆ ಹೋಗಿ ಬೇರೆ ತಾಂಡೇಲರನ್ನು ವಿಚಾರಿಸಿದೆ. “ಎಂತ ಮಾರಾಯ್ರೆ, ನಾವು ಒತ್ತುವುದುಂಟಾ? ನಮಗೂ ಹೆಂಡತಿ ಮಕ್ಕಳಿಲ್ವಾ?” ಎಂದು ಒಬ್ಬ ಮುಖ ತಿರುಗಿಸಿದ.

ಸಂಜೆ ಮನೆಗೆ ಬಂದರೆ ಹೆಂಡತಿಯದು ಒಂದೇ ಪ್ರಶ್ನೆ. “ಬಂತಾ?” ಬಂತು ಎಂದರೆ ತಲೆಯಾಡಿಸಿ ಒಳಗೆ ಹೋಗುತ್ತಿದ್ದಳು. ಅತ್ತದ್ದಿಲ್ಲ. ಇವಳ ಎದೆ ಕಲ್ಲಾಯಿತೇ ಎಂದು ನನಗೆ ಸಿಟ್ಟೂ ಬಂತು.

ನನ್ನ ಕಿವಿಗೆ ಮಾತ್ರ ಏನೋ ಸರಿಬರಲಿಲ್ಲ. ದೂರದ ಸೆಟ್ಟಿನಿಂದ ಬರುವ ಒತ್ತಿನ ಜೊತೆ ಮೊರದಲ್ಲಿ ಅಕ್ಕಿ ಕೇರಿದಂಥ ಒಂದು ಸದ್ದು ಸೇರಿರುತ್ತದೆ. ಇದು ಸ್ವಚ್ಛವಾಗಿತ್ತು, ಪಕ್ಕದ ಕೋಣೆಯಿಂದ ಬಂದ ಹಾಗೆ. ಮೈದುನ ರಿಪೇರಿಗೆಂದು ಕೊಟ್ಟು, ನಾನು ಸರಿಮಾಡಿಟ್ಟಿದ್ದ ವಯರ್‌ಲೆಸ್ ಕೈಸೆಟ್ಟೊಂದು ಮನೆಯಲ್ಲಿತ್ತು. ಅದರಲ್ಲಿ ಹೇಗೆ ಕೇಳಿಸುತ್ತದೆ ನೋಡೋಣ ಎಂದು, ಹೆಸರು ಕೂಗುವ ಕೆಲಸವನ್ನು ಆ ಹೆಂಗಸಿಗೆ ಒಪ್ಪಿಸಿ ಮನೆಗೆ ಬಂದೆ.

ಹೆಂಡತಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು. ಸೆಟ್ಟು ಮಡಿಲಲ್ಲಿತ್ತು. ಹೆಸರುಗಳು ಒಂದೊಂದಾಗಿ ಬಂದವು. ತಮ್ಮನ ಬೋಟಿನ ಹೆಸರು ಬಂದಾಗ ಅವಳ ಹೆಬ್ಬೆರಳು ಎರಡು ಸಲ ಒತ್ತಿತು. ಅವಳು ಸೆಟ್ಟನ್ನು ನೋಡುತ್ತಿರಲಿಲ್ಲ, ಎದುರಿಗಿದ್ದ ಖಾಲಿ ಅಂಗಳವನ್ನು ನೋಡುತ್ತಿದ್ದಳು. ಅಲ್ಲಿ ಯಾರೋ ನಿಂತವರನ್ನು ನೋಡುವಂತೆ ನೋಡುತ್ತಿದ್ದಳು. ನನಗೆ ಹೆಜ್ಜೆ ಮುಂದಿಡಲು ಹೆದರಿಕೆಯಾಯಿತು.

“ಎಂತ ಇದು?” ಎಂದೆ.

ಅವಳು ಬೆಚ್ಚಲಿಲ್ಲ. “ಉತ್ತರ ಬಾರದಿದ್ರೆ ನೀವು ಹುಡುಕುವುದು ನಿಲ್ಲಿಸ್ತೀರಿ. ನಿಮ್ಮದು ನೇವಿ ಲೆಕ್ಕ.”

“ಬೇರೆಯವರ ಕರೆಗೆ ಒತ್ತಬಾರದು ಅಂತ ನಿನಗೆ ಗೊತ್ತಿಲ್ವಾ? ಬೋಟಿನವರ ಮನೆಯವಳು ನೀನು.”

“ಗೊತ್ತುಂಟು. ಕರೆದ್ರೆ ಬರ್ತಾನೆ ಅಂತಾದ್ರೆ ಬರಲಿ ಅಂತಲೇ ಒತ್ತಿದೆ.” ಬ್ಯಾಟರಿ ಕಳಚಿ ನನ್ನ ಕೈಗಿಟ್ಟಳು. “ನಾಳೆ ನಾನು ಒತ್ತುವುದಿಲ್ಲ. ನಾಳೆ ಏನೂ ಬಾರದಿದ್ರೆ ಅವನಿಗೆ ಎಳ್ಳುನೀರು ಬಿಡುವ.”

ಮರುದಿನ ಆ ಬ್ಯಾಟರಿ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು. ಜೊತೆಯವರು ಊಟಕ್ಕೆ ಹೋಗಿದ್ದರು. ಹೆಸರು ಕೂಗಿದೆ. ಏನೂ ಇಲ್ಲ. ಮುಂದಿನ ಬೋಟಿನ ಹೆಸರಿಗೆ ಬಾಯಿ ತೆರೆಯುವಷ್ಟರಲ್ಲಿ ಬಂತು, ಟಕ್ ಟಕ್. ತುಂಬಾ ದೂರದ್ದು, ಸದ್ದಿನೊಳಗೆ ಮುಳುಗಿ ಏಳುವಂಥದ್ದು. ಒತ್ತಿದವರು ಯಾರು ಎಂದು ಗದರಿದೆ. ಬೋಟುಗಳೆಲ್ಲ ನಾವಲ್ಲ, ನಾವಲ್ಲ ಎಂದವು. ನಾನು ಕಾವಲು ದೋಣಿಯನ್ನು ಮತ್ತೊಮ್ಮೆ ಕಳುಹಿಸಿದೆ. ಹೊತ್ತು ಮುಳುಗುವವರೆಗೆ ಜಾಲಾಡಿ, ನೀರು ಬಿಟ್ಟರೆ ಏನಿಲ್ಲ ಎಂದು ವಾಪಸಾದರು.

ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ಇದ್ದಳು.

“ಬಂತಾ?”

ಬಂತು ಎಂದರೆ ಇವಳು ಸಾಯುವವರೆಗೆ ಆ ಮೆಟ್ಟಿಲಿನಿಂದ ಏಳುವುದಿಲ್ಲ. ಸಿಗ್ನಲಿನವನು ಕೇಳಿದ್ದನ್ನು ಇಲ್ಲವೆನ್ನಬಾರದು. ಅದೇ ನನಗೆ ಕಲಿಸಿದ ಮೊದಲ ಪಾಠ.

“ಇಲ್ಲ” ಎಂದೆ.

ಅವಳು ಹೊಸ್ತಿಲ ಮೇಲೆ ಕುಸಿದು ಕೂತು, ಅವನು ಹೋದ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ. ತುಂಬಾ ಹೊತ್ತಿನ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನ ಕೈ ಹಿಡಿದಳು.

“ನನಗೆ ಹೆದರಿಕೆಯಾಗಿತ್ತು” ಎಂದಳು. “ಬಂತು ಅಂತ ಹೇಳಿದ್ರೆ ನಾನು ಎಂತ ಮಾಡುವುದಿತ್ತು? ಕರೆದದ್ದು ನಾನಲ್ವಾ?”