ಏಳು ಹಳದಿ ಮತಗಳು

ಧಾರವಾಡದ ಕಾಲೇಜಿನ ಚರ್ಚಾಕೂಟ ನನಗೆ ಕೊಟ್ಟ ನಂಬಿಕೆ ಒಂದೇ: ಪ್ರಶ್ನೆಯನ್ನು ಸರಿಯಾಗಿ ಕಟ್ಟಿ, ಉತ್ತರಿಸುವವನ ಭಯವನ್ನು ತೆಗೆದುಬಿಟ್ಟರೆ ಸತ್ಯ ತಾನಾಗಿ ಹೊರಬರುತ್ತದೆ. ಪುಣೆಗೆ ಬಂದು, ಕಾರ್ಖಾನೆಗಳ ಗುತ್ತಿಗೆ ಕಾರ್ಮಿಕರಿಗೆ ಸುರಕ್ಷತೆಯ ತರಬೇತಿ ಕೊಡುವ ಸಣ್ಣ ಸಂಸ್ಥೆಯೊಂದನ್ನು ಸೇರಿದ ಮೇಲೂ ಆ ನಂಬಿಕೆ ಅಲುಗಿರಲಿಲ್ಲ.

ನಮ್ಮ ತರಬೇತಿಗಳು ಮಾತ್ರ ನಿರ್ಜೀವವಾಗಿದ್ದವು. ಕ್ಯಾಂಟೀನಿನ ಗೋಡೆಯ ಮೇಲೆ ಚಿತ್ರಗಳು ಬದಲಾಗುತ್ತಿದ್ದವು, ಬೆಂಚಿನ ಮೇಲೆ ಜನ ತೂಕಡಿಸುತ್ತಿದ್ದರು. "ತಿಳಿಯಿತೇ?" ಎಂದು ಕೇಳಿದರೆ ಎಲ್ಲರೂ ಮೊದಲು ಕೆಲಸ ಮಾಡಿಸುವ ಗುತ್ತಿಗೆದಾರನ ಮುಕಾದಮನ ಮುಖ ನೋಡಿ, ಅವನ ಗದ್ದ ಅಲುಗಿದ ಮೇಲೆ ಕೈ ಎತ್ತುತ್ತಿದ್ದರು. ಇದಕ್ಕೆ ಪರಿಹಾರವೆಂದು ನಾನು ಹಟ ಹಿಡಿದು ಮತಯಂತ್ರಗಳನ್ನು ತರಿಸಿದೆ. ರಾಸಾಯನಿಕ ಕಾರ್ಖಾನೆಗಳಲ್ಲಿ ಕಿಡಿಯ ಭಯದಿಂದ ಮೊಬೈಲನ್ನು ಗೇಟಿನಲ್ಲೇ ಒಪ್ಪಿಸಬೇಕು. ಹಾಗಾಗಿ ಪ್ರತಿಯೊಬ್ಬರಿಗೂ ಅಂಗೈಯಗಲದ ಒಂದು ಪೆಟ್ಟಿಗೆ. ಅದರಲ್ಲಿ ಹೌದಿಗೆ ಹಸಿರು ಗುಂಡಿ, ಇಲ್ಲಕ್ಕೆ ಕೆಂಪು. ಒತ್ತಿದಂತೆಲ್ಲ ಗೋಡೆಯ ಮೇಲೆ ಪಟ್ಟಿಗಳು ಏರುತ್ತಿದ್ದವು. ಯಾರು ಏನು ಒತ್ತಿದರೆಂಬುದು ನನಗೂ ತಿಳಿಯುತ್ತಿರಲಿಲ್ಲ.

ಮೊದಲ ಪ್ರಯೋಗ ಪುಣೆ ಸಮೀಪದ ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ನಡೆಯಿತು. ಕ್ಯಾಂಟೀನಿನ ಚಹಾ ಚೆನ್ನಾಗಿದೆಯೇ ಎಂಬ ಪ್ರಶ್ನೆಗೆ ಕೆಂಪು ಪಟ್ಟಿ ಸರ್ರನೆ ತುದಿ ಮುಟ್ಟಿದಾಗ ಚಹಾ ಮಾಡುವವನೇ ಹೊಟ್ಟೆ ಹಿಡಿದು ನಕ್ಕ. ಅಂದು ಯಾರೂ ತೂಕಡಿಸಲಿಲ್ಲ.

ಅದರ ಮುಂದಿನ ತರಬೇತಿ ಕುರಕುಂಭದ ಒಂದು ಕಾರ್ಖಾನೆಯಲ್ಲಿತ್ತು. ಅಲ್ಲಿಗೆ ನಾನು ಒಂದು ಸುಧಾರಣೆಯನ್ನೂ ಹೊತ್ತು ಹೋದೆ. ಮರಾಠಿ, ಹಿಂದಿಗಳಷ್ಟೇ ಸಾಕೆಂಬುದು ನಮ್ಮ ಕಚೇರಿಯ ವಾದ; ಕನ್ನಡವೂ ಬೇಕೆಂಬುದು ನನ್ನದು. ಅದನ್ನು ಸಾಧಿಸಲು ಪೆಟ್ಟಿಗೆಗಳಿಗೆ ಬಣ್ಣದ ಕಾಗದ ಅಂಟಿಸಿದೆ: ಮರಾಠಿಗೆ ಕಿತ್ತಳೆ, ಹಿಂದಿಗೆ ನೀಲಿ, ಕನ್ನಡಕ್ಕೆ ಹಳದಿ. ಪ್ರಶ್ನೆಯನ್ನು ಮೂರು ಭಾಷೆಗಳಲ್ಲಿ ಓದುವುದು, ಉತ್ತರಗಳನ್ನು ಭಾಷೆವಾರು ತೋರಿಸುವುದು. ಹಳದಿಯ ಉತ್ತರ ಬೇರೆಯಾಗಿ ಬಂದರೆ, ಇವರಿಗೆ ತಮ್ಮ ಭಾಷೆಯಲ್ಲೇ ಪಾಠ ಬೇಕೆಂಬುದನ್ನು ಯಾರು ಅಲ್ಲಗಳೆಯಬಲ್ಲರು? ತರ್ಕದಲ್ಲಿ ಬಿರುಕು ನನಗೆ ಕಾಣಲಿಲ್ಲ.

ನಲವತ್ತಕ್ಕೂ ಹೆಚ್ಚು ಜನರಲ್ಲಿ ಹಳದಿ ಸಿಕ್ಕಿದ್ದು ಏಳು ಮಂದಿಗೆ. ಯಾದಗಿರಿ ಕಡೆಯ ಒಂದೇ ಮನೆಯವರು. ಗಂಡಸರು ರಾಸಾಯನಿಕದ ಟಾಕಿಯೊಳಗೆ, ಎಂದರೆ ದೊಡ್ಡ ತೊಟ್ಟಿಯೊಳಗೆ, ಇಳಿದು ತಳದ ರಾಡಿ ಕೆರೆಯುವುದು, ಹೆಂಗಸರು ಅದನ್ನು ಬಕೆಟ್ಟಿನಲ್ಲಿ ಮೇಲಕ್ಕೆ ಎಳೆಯುವುದು ಅವರ ಕೆಲಸ. ಮನೆಯ ಹಿರಿಯಳು ಪೆಟ್ಟಿಗೆಯನ್ನು ತಿರುಗಿಸಿ ನೋಡಿ ಕೇಳಿದಳು:

"ಮಾಸ್ತರ, ಒತ್ತಿದ್ದು ಯಾರಂತ ಗೊತ್ತಾಗತದೇನ್ರಿ?"

"ಇಲ್ರಿ ಅಕ್ಕಾ. ದೇವರಾಣೆ, ನನಗೂ ಗೊತ್ತಾಗಂಗಿಲ್ಲ."

"ಹಂಗಂದ್ರ ಖರೇನ ಒತ್ತಲೇನು?"

"ಖರೇನ ಒತ್ರಿ."

"ಹಗೂರ ಒತ್ತು ವೈನಿ," ಎಂದ ಅವಳ ಮೈದುನ. "ಬಕೀಟ ಜಗ್ಗೋ ಕೈ ಅದ. ಮಾಸ್ತರ ಪೆಟಗಿ ಒಡದೀತು."

ನಾಲ್ಕನೆಯ ಪ್ರಶ್ನೆ: ಟಾಕಿಗೆ ಇಳಿಯುವ ಮೊದಲು ಪ್ರತಿ ಸಲವೂ ವಿಷಾನಿಲವಿದೆಯೇ ಎಂದು ಒಳಗಿನ ಗಾಳಿಯನ್ನು ಪರೀಕ್ಷಿಸುತ್ತಾರೆಯೇ? ಕಿತ್ತಳೆಯವರೆಲ್ಲ ಹೌದೆಂದರು. ನೀಲಿಯವರೂ ಹೌದೆಂದರು. ಹಳದಿಯವರು ಏಳೂ ಮಂದಿ ಇಲ್ಲವೆಂದರು. ಯಂತ್ರ ಕೊಟ್ಟ ಮಾತು ತಪ್ಪಿರಲಿಲ್ಲ, ಯಾರ ಹೆಸರನ್ನೂ ಹೇಳಿರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಕಾರ್ಖಾನೆಯ ಸುರಕ್ಷತಾ ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು ಗೋಡೆಯನ್ನು ನೋಡಿದರು. ಆಮೇಲೆ ಹಳದಿ ಕಾಗದ ಹಿಡಿದಿದ್ದ ಕೈಗಳನ್ನು ಒಂದೊಂದಾಗಿ ನೋಡಿದರು. ಬಣ್ಣ ಗುಂಪನ್ನು ತೋರಿಸಿಕೊಡುತ್ತದೆಂಬುದು ಉಳಿದವರಿಗೆಲ್ಲ ಪೆಟ್ಟಿಗೆ ಕೈಗೆ ಬಂದಾಗಲೇ ಹೊಳೆದಿತ್ತು ಎಂದು ಈಗ ಅನಿಸುತ್ತದೆ. ನನಗೆ ಆ ಕ್ಷಣದಲ್ಲೂ ಹೊಳೆಯಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ: ನಾನು ಸಂತೋಷಪಟ್ಟೆ. ಅಧಿಕಾರಿಗೆ ಸ್ಪಷ್ಟವಾಗಲೆಂದು ಆ ಫಲಿತಾಂಶವನ್ನು ಮರಾಠಿಯಲ್ಲಿ ಮತ್ತೊಮ್ಮೆ ವಿವರಿಸಿದೆ ಕೂಡ.

ತಿಂಗಳು ಮುಗಿದಾಗ ಆ ಏಳು ಮಂದಿಯ ಗೇಟ್ ಪಾಸು ಮಾತ್ರ ನವೀಕರಣವಾಗಲಿಲ್ಲ. ಆ ಮನೆಯ ಹಿರಿಯಳು ಫೋನಿನಲ್ಲಿ ಇಷ್ಟೇ ಹೇಳಿ ಇಟ್ಟಳು. ನಾನು ನೇರವಾಗಿ ಅಧಿಕಾರಿಯ ಬಳಿಗೆ ಹೋದೆ. ಅವರು ನನ್ನ ಕಾರ್ಯಕ್ರಮವನ್ನು ಹೊಗಳಿದರು. ಒಬ್ಬರೂ ನಿದ್ದೆ ಮಾಡಲಿಲ್ಲವಲ್ಲ ಎಂದರು. ಪಾಸಿನ ಮಾತೆತ್ತಿದಾಗ, ನಿಯಮ ತಿಳಿಯದವರನ್ನು ಟಾಕಿಗೆ ಇಳಿಸದಿರುವುದೂ ಸುರಕ್ಷತೆಯೇ ಅಲ್ಲವೇ ಎಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದರು. ನಾನು ಮೂರು ಪ್ರತಿವಾದಗಳನ್ನು ಮಂಡಿಸಿದೆ. ಮೂರನ್ನೂ ತಾಳ್ಮೆಯಿಂದ ಕೇಳಿ, ನನಗೆ ಚಹಾ ತರಿಸಿದರು.

ಅಲ್ಲಿಂದ ಯಾದಗಿರಿಯವರ ತಗಡಿನ ಶೆಡ್ಡಿಗೆ ಹೋದೆ. ಏಳೂ ಜನ ಒಳಗೇ ಇದ್ದರು. ಸರ್ಕಾರದ ಕಾರ್ಖಾನೆ ನಿರೀಕ್ಷಕರಿಗೆ ದೂರು ಕೊಡೋಣ, ಅಂದಿನ ಫಲಿತಾಂಶ ನನ್ನ ಬಳಿ ಇದೆ, ಅದೇ ಸಾಕ್ಷಿ ಎಂದು ವಿವರಿಸಿದೆ. ಆಕೆ ಮೊರದಲ್ಲಿ ಜೋಳ ಹಸನು ಮಾಡುತ್ತ ತಲೆಯೆತ್ತದೆ ಕೇಳಿಸಿಕೊಂಡಳು.

"ಅದೆಲ್ಲ ಬ್ಯಾಡ್ರಿ. ಒಂದು ಕಾಗದ ಬರಕೊಡ್ರಿ. ಈ ಮಂದಿಗಿ ಕೇಳಿದ್ದು ತಿಳೀಲಿಲ್ಲ, ತಪ್ಪು ಗುಂಡಿ ಒತ್ಯಾರ ಅಂತ."

"ಅದು ಸುಳ್ಳಲ್ರಿ ಅಕ್ಕಾ."

"ಹೌದ್ರಿ, ಸುಳ್ಳ. ಖರೇ ಹೇಳಸಿದವರು ನೀವ. ಈಗ ಸುಳ್ಳೂ ನೀವ ಬರೀರಿ. ನಮಗೆಲ್ಲಿ ಬರೀಲಾಕ ಬರತದ?"

"ಕಾಲೇಜಿನ್ಯಾಗ ಮಾಸ್ತರಿಗಿ ಸುಳ್ಳ ಕಲಿಸಿಲ್ಲ ಕಾಣಸ್ತದ ವೈನಿ," ಎಂದ ಮೈದುನ. ಯಾರೂ ನಗಲಿಲ್ಲ.

"ಗಾಳಿ ನೋಡಲಾರದ ಮತ್ತ ಇಳೀತೀರೇನ್ರಿ?" ಎಂದು ಕೇಳಿದೆ.

ಅವಳು ಮೊರವನ್ನು ಪಕ್ಕಕ್ಕೆ ಸರಿಸಿದಳು. "ಇಳಿಯಾಂವ ನನ್ನ ಗಂಡ ಇದ್ದಾನ್ರಿ. ನನಗ ಗೊತ್ತಿಲ್ಲೇನು? ಹಗ್ಗ ನನ್ನ ಕೈಯಾಗ ಇರತದ. ಎರಡು ಸಲ ಜಗ್ಗಿದ್ರ ಎಳೀತೀನಿ. ಜಗ್ಗಲಿಲ್ಲ ಅಂದ್ರೂ ಎಳೀತೀನಿ. ಇಷ್ಟು ದಿನ ಹಿಂಗ ನಡದದ."

ಗಂಡ ಬಾಗಿಲ ಬಳಿ ಗೋಡೆಗೆ ಒರಗಿ ಕುಳಿತಿದ್ದ.

ಮರುದಿನ ಸಂಸ್ಥೆಯ ಕಾಗದದ ಮೇಲೆ ಬರೆದೆ. ನಾಲ್ಕನೆಯ ಪ್ರಶ್ನೆಯ ಕನ್ನಡ ಅನುವಾದ ಗೊಂದಲಮಯವಾಗಿತ್ತು, ಆದ್ದರಿಂದ ಆ ಭಾಷಿಕರ ಉತ್ತರಗಳನ್ನು ಪರಿಗಣಿಸಬಾರದೆಂದು ವಿನಂತಿ. ಆ ಪ್ರಶ್ನೆಯಲ್ಲಿದ್ದ ಕನ್ನಡ ಅವರ ಮನೆಯ ಮಾತಿನಷ್ಟೇ ಸರಳವಾಗಿತ್ತು. ವರದಿಯಿಂದ ಹಳದಿ ಪಟ್ಟಿಯನ್ನು ಅಳಿಸಿದೆ. ಪತ್ರ ಚೊಕ್ಕವಾಗಿತ್ತು, ಅದರಲ್ಲಿ ಯಾರೂ ಒಂದು ತಪ್ಪು ಹುಡುಕಲಾರರು. ಕನ್ನಡದ ಪಾಠ ಬೇಕೆಂಬ ನನ್ನ ವಾದವನ್ನು ಕಚೇರಿಯಲ್ಲಿ ಆಮೇಲೆ ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಆಕೆಯ ಫೋನು ಬಂತು.

"ಪಾಸ್ ಸಿಕ್ಕಾವ್ರಿ ಮಾಸ್ತರ. ಏಳೂ ಮಂದೀದು. ಭಾಳ ಉಪಕಾರ ಆತು."

"ಕೆಲಸ ಯಾವಾಗಿಂದ್ರಿ?"

"ನಾಳಿಂದ. ದೊಡ್ಡ ಟಾಕಿ ಅದ."

ಗಾಳಿ ಪರೀಕ್ಷಿಸುತ್ತಾರೆಯೇ ಎಂದು ನಾನು ಕೇಳಲಿಲ್ಲ.