ಕೈ ಮಾಡಲು ಬಾರದ ಶಿಲ್ಪಿ

ಗ್ಲೇಬ್ ಅರ್ಕಾದ್ಯೆವಿಚ್‌ಗೆ ಪ್ರತಿಮೆಗಳಿಗೆ ಕೈ ಮಾಡಲು ಬರುವುದಿಲ್ಲ ಎಂಬುದು ಇಡೀ ಪೀಟರ್ಸ್‌ಬರ್ಗಿನಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಅವಳು ಅವನ ಹೆಂಡತಿ ಜೋಯಾ. ಇಬ್ಬರೂ ಕಲಾ ಅಕಾಡೆಮಿಯಲ್ಲಿ ಒಂದೇ ತರಗತಿ. ಗ್ರೀಕ್ ವಿಗ್ರಹಗಳ ಪ್ಲಾಸ್ಟರ್ ಪ್ರತಿಗಳನ್ನು ನೋಡಿ ನೋಡಿ ಕಲಿಯುವಾಗ ಎದೆ, ಸೊಂಟ, ಕುತ್ತಿಗೆ ಎಲ್ಲ ಅವನಿಗೆ ಸಲೀಸಾಗಿ ಒಲಿಯುತ್ತಿದ್ದವು. ಮಣಿಕಟ್ಟು ದಾಟಿದರೆ ಎಲ್ಲ ಎಡವಟ್ಟು. ಆದರೆ ಆಸಾಮಿ ಭಾರೀ ಜಾಣ. ಮುರಿದ ವಿಗ್ರಹಗಳನ್ನೇ ಮಾಡತೊಡಗಿದ. ತೋಳಿಲ್ಲದ ಅಪೊಲೊ, ತೋಳಿಲ್ಲದ ಅಥೆನಾ, ತೋಳಿಲ್ಲದ ಓಟಗಾರ. ಕಾಲವೇ ಕೆತ್ತಿದಂತಿದೆ ಎಂದು ಪತ್ರಿಕೆಗಳು ಬರೆದವು. ಬಹುಮಾನ ಬಂತು, ಕಲಾವಿದರ ಒಕ್ಕೂಟದಿಂದ ಎತ್ತರದ ಕಿಟಕಿಗಳ ಕಾರ್ಯಾಗಾರ ಸಿಕ್ಕಿತು, ರೋಮಿಗೂ ಹೋಗಿ ಬಂದ. ಜೋಯಾ ಮಾತ್ರ ಮಕ್ಕಳ ಚಿತ್ರಶಾಲೆಯಲ್ಲಿ ಪಾಠ ಹೇಳಿಕೊಂಡೇ ಉಳಿದಳು. ಅವನನ್ನು ಹೊಗಳುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗಿರುವಾಗ ವೋಲ್ಗಾ ತೀರದ ಗೋಧಿ ಬೆಳೆಯುವ ಊರೊಂದು ತನ್ನ ಚೌಕಕ್ಕೆ ಗ್ರೀಕರ ಬೆಳೆಯ ದೇವತೆ ದೆಮೆತ್ರಾಳ ಪ್ರತಿಮೆ ಕೇಳಿತು. ಕೈಯಲ್ಲಿ ತೆನೆಯ ಕಟ್ಟು ಇರಲೇಬೇಕೆಂಬುದು ಊರಿನವರ ಷರತ್ತು. ಗ್ಲೇಬ್ ನೇರ ಹೆಂಡತಿಯ ಬಳಿ ಬಂದ.

"ಜೋಯ್ಕಾ, ಎರಡೇ ಎರಡು ಕೈ ಕಣೇ. ಮಾಡ್ಕೊಡೇ."

"ಯಾಕೆ, ನಿಂಗೇನು ಬಂದಿದೆ ರೋಗ? ರೋಮಿಗೆ ಹೋಗಿ ಬಂದೋನಲ್ವಾ ನೀನು!"

"ಚುಚ್ಬೇಡ. ನಿಂಗೆ ಗೊತ್ತಿಲ್ದೇ ಇರೋದೇನಲ್ವಲ್ಲ."

"ಪೀಠದ ಮೇಲೆ ನನ್ನ ಹೆಸರೂ ಇರ್ಬೇಕು. ಹಾಗಿದ್ರೆ ಮಾಡ್ತೀನಿ."

"ಹಾಕ್ಸೋಣ ಬಿಡು. ಮೊದ್ಲು ಸಮಿತಿಯವ್ರು ಒಪ್ಲಿ."

ಜೋಯಾ ಮಣ್ಣಿಗೆ ಕೈ ಹಾಕಿದಳು. ಆಲೂಗಡ್ಡೆ ಅಗೆದೂ ಅಗೆದೂ ಗೆಣ್ಣು ದಪ್ಪವಾಗಿದ್ದ ತನ್ನ ತಾಯಿಯ ಕೈಗಳನ್ನೇ ದೇವತೆಗೆ ಕೊಟ್ಟಳು. ತೆನೆಯ ಭಾರಕ್ಕೆ ಕಿರುಬೆರಳು ತುಸು ಬಾಗಿತ್ತು. ಮುಗಿದ ದಿನ ಒಬ್ಬಳೇ ಕೂತು ಅತ್ತಳು. ಅದು ಖುಷಿಯ ಅಳು.

ಕಂಚಿನಲ್ಲಿ ಎರಕ ಹೊಯ್ಯುವ ಮೊದಲು ಮಣ್ಣಿನ ಪ್ರತಿಮೆಯನ್ನು ಒಕ್ಕೂಟದ ಸಮಿತಿ ಒಪ್ಪಬೇಕು. ಜನವರಿಯ ಕೊರೆಯುವ ಚಳಿಯಲ್ಲಿ ಸಮಿತಿಯವರು ಬಂದರು. ಜೊತೆಗೆ ವೋಲ್ಗಾ ಊರಿನ ಅಧಿಕಾರಿಯೂ ಇದ್ದ. ಅಧ್ಯಕ್ಷೆ ತಮಾರಾ ಸವೆಲ್ಯೆವ್ನಾ ಹಲ್ಲು ಬಿಗಿದೇ ಮಾತಾಡುವ ಮುದುಕಿ. ಪ್ರತಿಮೆಯನ್ನು ಒಂದು ಸುತ್ತು ಬಂದಳು.

"ಮೈಯೆಲ್ಲಾ ನಿಮ್ಮ ಅದೇ ಹಳೇ ಗ್ರೀಕ್ ಪಾಠ, ಗ್ಲೇಬ್ ಅರ್ಕಾದ್ಯೆವಿಚ್. ಬೇಜಾರು ಬಂದಿದೆ ನಂಗೆ. ಈ ಕೈಗಳು ಮಾತ್ರ ಜೀವ ಹಿಡ್ಕೊಂಡಿವೆ. ಯಾರು ಮಾಡಿದ್ದು?"

ಚಹಾದ ತಟ್ಟೆ ಹಿಡಿದು ನಿಂತಿದ್ದ ಜೋಯಾ ಗಂಡನ ಮುಖ ನೋಡಿದಳು.

"ನಾನೇ," ಎಂದ ಗ್ಲೇಬ್. "ಇಷ್ಟು ವರ್ಷ ಒಳಗೇ ಇಟ್ಕೊಂಡಿದ್ದೆ."

ಜೋಯಾ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಮಣ್ಣು ಕತ್ತರಿಸುವ ತಂತಿಯನ್ನು ಪ್ರತಿಮೆಯ ಮಣಿಕಟ್ಟಿಗೆ ಹಾಕಿ ಎಳೆದಳು, ಒಳಗಿನ ಕಬ್ಬಿಣದ ಸರಿಗೆಯನ್ನು ಇಕ್ಕಳದಿಂದ ತುಂಡರಿಸಿದಳು. ಎರಡೂ ಕೈ ಅವಳ ತೋಳಿಗೆ ಬಂದವು. ತೆನೆಯ ಕಟ್ಟು ನೆಲಕ್ಕೆ ಬಿದ್ದು ಪುಡಿಯಾಯಿತು.

"ತಲೆ ಕೆಟ್ಟಿದ್ಯೇನೇ ನಿಂಗೆ?" ಎಂದು ಗ್ಲೇಬ್ ಕಿರುಚಿದ.

"ನೀನೇ ಮಾಡಿದ್ದು ಅಂದ್ಯಲ್ಲ, ಇನ್ನೊಂದ್ಸಲ ಮಾಡು. ಮಣ್ಣು ಅಲ್ಲೇ ಬಿದ್ದಿದೆ."

ತಮಾರಾ ಸವೆಲ್ಯೆವ್ನಾ ಸ್ಟೂಲು ಎಳೆದುಕೊಂಡು ಕೂತಳು. "ಮಾಡಿ. ಕಾಯ್ತೀವಿ. ಚಹಾ ಹೇಗೂ ಇದೆ."

ಗ್ಲೇಬ್ ಮಣ್ಣು ಹಿಸುಕಿದ, ಹೊಸೆದ, ಮತ್ತೆ ಹಿಸುಕಿದ. ಊರಿನ ಅಧಿಕಾರಿ ಬಗ್ಗಿ ನೋಡಿ, "ಇದೇನ್ರೀ, ಮೂಲಂಗಿನಾ?" ಎಂದ.

ಬೆವರುತ್ತಿದ್ದ ಗ್ಲೇಬ್ ಹೆಂಡತಿಯ ಕಿವಿಯ ಹತ್ತಿರ ಬಂದ. "ನಿನ್ನ ಹೆಸರು ಹಾಕಿಸ್ತೀನಿ ಕಣೇ. ನಿಂದೇ ಮೊದಲು. ಕೈ ಕೊಡು."

"ಅವ್ರಿಗೆ ಕೇಳೋ ಹಾಗೆ ಹೇಳು."

ಅವನು ಸಮಿತಿಯ ಕಡೆ ತಿರುಗಿದ. ಗಂಟಲು ಸರಿಮಾಡಿಕೊಂಡ. "ಪ್ರಾಚೀನ ಗ್ರೀಕರಲ್ಲಿ, ನೋಡಿ, ಕೈಯಿಲ್ಲದ ಪ್ರತಿಮೆಗಳೇ..." ಎಂದು ಶುರುಮಾಡಿದ.

ಜೋಯಾ ಕೋಟು ಹಾಕಿಕೊಂಡು, ಆ ಮಣ್ಣಿನ ಕೈಗಳನ್ನು ಶಾಲಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ಹೊರಟಳು. ಒಳಗಿನ ಪ್ರತಿಮೆಯ ಹಸಿ ಮಣ್ಣು ಚಳಿಗೆ ಹೆಪ್ಪುಗಟ್ಟಿ ಬಿರಿಯಲಿ ಎಂದೇ ಬಾಗಿಲನ್ನು ಹಾರುಹೊಡೆದು ಬಿಟ್ಟು ಹೋದಳು.